ಅಜ್ಜನ ಅಂಗಡಿಯ ಹಳೆಯ ಲೆಕ್ಕ

ಮದುವೆಯ ಮಾತುಕತೆಗೆ ಕುಳಿತಾಗ ‘ನಿಮ್ಮ ಹಿರಿಯರು ಏನು ಮಾಡುತ್ತಿದ್ದರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಶಾನುಭೋಗಿಕೆ ಇತ್ತು, ಪಟೇಲಿಕೆ ಇತ್ತು ಎನ್ನುವವರ ದನಿ ಏರುತ್ತದೆ. ಅಡಕೆ ಮಂಡಿ ಇತ್ತು ಎನ್ನುವವರ ದನಿಯೂ ತಗ್ಗುವುದಿಲ್ಲ. ಆದರೆ ಹೆಂಡದ ಅಂಗಡಿ ಇತ್ತೆಂದು ಹೇಳಬೇಕಾದ ಮನೆಯಲ್ಲಿ ಮಾತ್ರ ‘ಏನೋ ವ್ಯಾಪಾರದಲ್ಲಿದ್ದರು’ ಎಂಬ ಒಂದೇ ಮಾತಿನಲ್ಲಿ ಮುತ್ತಜ್ಜನ ಚರಿತ್ರೆ ಮುಗಿದುಹೋಗುತ್ತದೆ. ಮರೆತುಹೋದ ಹಿರಿಯರಿಗಿಂತ ಹೀಗೆ ಮರೆಸಲ್ಪಟ್ಟ ಹಿರಿಯರನ್ನು ಹುಡುಕುವುದು ಕಷ್ಟ.

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸೀಮೆಯಲ್ಲಿ ಅಂಗಡಿ ನಡೆಸಿ ಬದುಕಿದ ಮನೆತನಗಳು ಬಹಳ. ತುಮಕೂರಿನ ಮಂಡಿಪೇಟೆಯ ಹೆಸರೇ ವ್ಯಾಪಾರದ್ದು. ಗುಬ್ಬಿಯ ಸಂತೆಯಾದರೋ 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ನನ ಬರಹದಲ್ಲಿಯೇ ಸ್ಥಾನ ಪಡೆದಿದೆ. ಇಂತಹ ಮನೆಯ ಮೊಮ್ಮಕ್ಕಳು ತಮ್ಮ ಮೂಲವನ್ನು ಅರಸಿ ಹೊರಟರೆ ಎಲ್ಲಿಂದ ಆರಂಭಿಸಬೇಕು?

ಮೊದಲನೆಯ ಆಧಾರ ಮನೆಯ ಹಿರಿಯರ ನೆನಪು. ಶ್ರಾದ್ಧದಲ್ಲಿ ಹೇಳುವ ಹೆಸರುಗಳು ಮೂರು ತಲೆಗಳವು. ಅದರಾಚೆಗೆ ನೆನಪು ಮಸುಕಾಗುವುದು ಸಹಜ. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ಪದ್ಧತಿಯಿಂದ ಒಬ್ಬನ ಸಾಹಸ ಇನ್ನೊಬ್ಬನ ಲೆಕ್ಕಕ್ಕೆ ಸೇರಿಹೋಗುವುದೂ ಉಂಟು. ಒಕ್ಕಲಿಗ, ಲಿಂಗಾಯತ, ಕುರುಬರೇ ಮೊದಲಾದವರ ಮನೆಗಳಿಗೆ ಇಲ್ಲಿ ನೆರವಾಗುವವರು ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆಯ ನಾದದೊಡನೆ ಊರೂರಿಗೆ ಬಂದು ವಂಶಾವಳಿಯನ್ನು ಹೇಳಿ ದವಸಧಾನ್ಯ ಪಡೆಯುತ್ತಿದ್ದ ಈ ಜನ ಮೂಲ ಊರು ಯಾವುದು, ಮನೆತನ ಎಲ್ಲಿ ಕವಲೊಡೆಯಿತು ಎಂಬುದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಆದರೆ ದಾನ ಕೊಡುವವನ ಮುಂದೆ ಹೊಗಳಿಕೆ ತುಸು ಹೆಚ್ಚುವುದು ಲೋಕರೂಢಿ. ಆದ್ದರಿಂದ ಅವರ ಮಾತಿಗೆ ಕಾಗದಪತ್ರದ ಊರುಗೋಲು ಬೇಕು.

ಆ ಊರುಗೋಲು ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ದೊರೆಯುತ್ತದೆ. ಹಳೆಯ ಕ್ರಯಪತ್ರದಲ್ಲಿ ಮಾರಿದವನ ಹೆಸರು ಅವನ ತಂದೆಯ ಹೆಸರಿನೊಡನೆಯೇ ಬರುತ್ತದೆ. ಒಂದು ಪತ್ರ ಸಿಕ್ಕಿದರೆ ಎರಡು ತಲೆಮಾರು ಸಿಕ್ಕಿದಂತೆ. ಕೊನೆಯಲ್ಲಿ ಚೆಕ್ಕುಬಂದಿ: ಪೂರ್ವಕ್ಕೆ ಇಂಥವರ ಅಂಗಡಿ, ಪಶ್ಚಿಮಕ್ಕೆ ಇಂಥವರ ಹಿತ್ತಿಲು. ತನ್ನ ಮನೆಯ ಪತ್ರ ಕಳೆದುಕೊಂಡವನು ನೆರೆಮನೆಯ ಚೆಕ್ಕುಬಂದಿಯಲ್ಲಿ ತನ್ನ ಮುತ್ತಜ್ಜನನ್ನು ಕಂಡುಕೊಳ್ಳಬಹುದು.

ಇನ್ನು ಅಂಗಡಿಯ ಲೆಕ್ಕ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ಹಿಂದೆ ವರ್ತಕರ ಬಳಿ ಇರುತ್ತಿದ್ದವು. ಆಮೇಲೆ ಕಾಗದದ ಖಿರ್ದಿ ಖಾತೆಗಳು ಬಂದವು. ಅವುಗಳಲ್ಲಿ ಕಾಲವನ್ನು ಗುರುತಿಸುವಾಗ ಎಚ್ಚರ ಬೇಕು. ‘ವಿಕಾರಿ ಸಂವತ್ಸರ’ ಎಂದಷ್ಟೇ ಬರೆದಿದ್ದರೆ ಅದು 1899ರಲ್ಲಿ ಆರಂಭವಾದದ್ದೂ ಆಗಬಹುದು, 1959ರದೂ ಆಗಬಹುದು. ಸಂವತ್ಸರಚಕ್ರ ಅರವತ್ತು ವರ್ಷಕ್ಕೊಮ್ಮೆ ತಿರುಗುತ್ತದೆ. ಅಷ್ಟರಲ್ಲಿ ಅಜ್ಜನ ಹೆಸರಿನ ಮೊಮ್ಮಗ ಗಲ್ಲೆಯ ಮುಂದೆ ಕುಳಿತಿರುತ್ತಾನೆ!

ಅಂಗಡಿ ಒಂದೇ ಊರಿನಲ್ಲಿ ನಿಂತಿತ್ತೆಂದು ತಿಳಿಯುವುದೂ ತಪ್ಪು. 1884ರಲ್ಲಿ ತುಮಕೂರಿಗೆ ಬಂದ ರೈಲುದಾರಿ ಗುಬ್ಬಿಯನ್ನು ಹಾದು 1889ರಲ್ಲಿ ಹರಿಹರ ಮುಟ್ಟಿತು. ಕುಣಿಗಲ್ಲಿಗೆ ರೈಲು ಬಂದದ್ದು 2017ರಲ್ಲಿ. ಅಲ್ಲಿಯ ವರ್ತಕರಿಗೆ ಬಹುಕಾಲ ರಸ್ತೆಯೇ ಗತಿ. ಗುಬ್ಬಿಯ ಮನೆತನದ ಹಾದಿ ಬೆಂಗಳೂರಿನ ಪೇಟೆಗಳಲ್ಲಿ ಮತ್ತೆ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. 1838ರಲ್ಲಿ ಗುಬ್ಬಿಯ ವರ್ತಕ ಮನೆತನದಲ್ಲಿ ಹುಟ್ಟಿದ ತೋಟದಪ್ಪನವರು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಬೆಳೆದರು. ಮಕ್ಕಳಿಲ್ಲದ ಅವರು ತಮ್ಮ ಗಳಿಕೆಯನ್ನು ಧರ್ಮಕ್ಕೆ ಬಿಟ್ಟರು. ರೈಲ್ವೆ ನಿಲ್ದಾಣದ ಎದುರಿನ ಛತ್ರ 1903ರಲ್ಲಿ ತೆರೆಯಿತು. 1910ರಲ್ಲಿ ಅವರು ತೀರಿಕೊಂಡರೂ ಗುಬ್ಬಿಯ ಹೆಸರು ಬೆಂಗಳೂರಿನಲ್ಲಿ ಉಳಿಯಿತು.

ತೋಟದಪ್ಪನವರ ಹೆಸರು ಕಲ್ಲುಕಟ್ಟಡದಲ್ಲಿ ನಿಂತಿತು. ಹೆಂಡದಂಗಡಿಯವನ ಹೆಸರು? ಅದೂ ಬರಹದಲ್ಲಿ ಇದ್ದದ್ದೇ. ಮೈಸೂರು ಸೀಮೆಯಲ್ಲಿ ಈಚಲುವನಗಳಿಂದ ಇಳಿಸಿದ ಹೆಂಡದ ಮಾರಾಟ ಅಬ್ಕಾರಿ ಇಲಾಖೆಯ ಹಿಡಿತದಲ್ಲಿತ್ತು. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಅಂಗಡಿ. ಅವನು ಕಟ್ಟಿದ ಹಣ ಸರ್ಕಾರದ ಬೊಕ್ಕಸಕ್ಕೆ. ಮರ ಹತ್ತಿ ಇಳಿಸುವುದು ಈಡಿಗರ ಕುಲಕಸುಬು. ಗುತ್ತಿಗೆ ಹಿಡಿದವರೆಲ್ಲ ಈಡಿಗರೇ ಆಗಿರಬೇಕೆಂದಿರಲಿಲ್ಲ. ಕಾನೂನು ಒಪ್ಪಿದ್ದ ಈ ಕಸುಬಿಗೆ ನಾಚಿಕೆ ಅಂಟಿದುದೇಕೆ? ಸ್ವಾತಂತ್ರ್ಯ ಹೋರಾಟದಲ್ಲಿ ಪಾನನಿರೋಧ ಒಂದು ವ್ರತವಾಯಿತು. ನೆರೆಯ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ಸತ್ಯಾಗ್ರಹಿಗಳು ಈಚಲುಮರಗಳನ್ನೇ ಕಡಿದುರುಳಿಸಿದರು. ಖಾದಿ ತೊಟ್ಟ ಮಗನಿಗೆ ತಂದೆಯ ಗುತ್ತಿಗೆಯ ಕಾಗದ ಭಾರವಾಗಿದ್ದರೆ ಅದು ಅರ್ಥವಾಗುವ ಮಾತೇ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ಮಾರಾಟವೂ ನಿಂತಿತು.

ಕುಡಿತದಿಂದ ಎಷ್ಟೋ ಸಂಸಾರಗಳು ಹಾಳಾದುದನ್ನು ಯಾರೂ ಅಲ್ಲಗಳೆಯಲಾರರು. ಮುತ್ತಜ್ಜನ ಗಲ್ಲೆಗೆ ಬಿದ್ದ ಕಾಸಿನಲ್ಲಿ ಯಾರದೋ ಮಕ್ಕಳ ಹಸಿವಿನ ಪಾಲೂ ಇದ್ದೀತು. ಅದನ್ನು ಬಚ್ಚಿಡುವುದೂ ತಪ್ಪು, ಅದಕ್ಕಾಗಿ ಅವನನ್ನೇ ವಂಶವೃಕ್ಷದಿಂದ ಕತ್ತರಿಸುವುದೂ ತಪ್ಪು. ರಾಜರತ್ನಂ ಅವರ ಎಂಡ್ಕುಡ್ಕ ರತ್ನನನ್ನು ಮೆಚ್ಚಿ ಮನೆಯೊಳಗೆ ಕರೆದುಕೊಂಡ ಕನ್ನಡಿಗರು ಅವನಿಗೆ ಹೆಂಡ ಅಳೆದುಕೊಟ್ಟವನನ್ನು ಮಾತ್ರ ಹೊರಗೆ ನಿಲ್ಲಿಸುವುದು ನ್ಯಾಯವೆ?

ಅಂಗಡಿಯ ಲೆಕ್ಕದಲ್ಲಿ ಮತ್ತೊಂದು ವಿಶೇಷವುಂಟು. ಅಲ್ಲಿ ಅಂಗಡಿಯವನ ಹೆಸರು ಒಂದು ಬಾರಿ ಬಂದರೆ ಸಾಲಗಾರರ ಹೆಸರುಗಳು ಪುಟಪುಟಕ್ಕೂ ಬರುತ್ತವೆ. ಮಗಳ ಮದುವೆಗೆ ಬೆಲ್ಲ ಕಡ ಒಯ್ದವನು, ಬರಗಾಲದಲ್ಲಿ ರಾಗಿಗೆ ಕೈಯೊಡ್ಡಿದವನು, ಶಾಸನದಲ್ಲಿಯೂ ಕ್ರಯಪತ್ರದಲ್ಲಿಯೂ ಕಾಣದ ಕೂಲಿಕಾರ, ಎಲ್ಲರೂ ಬದುಕಿರುವುದು ಅಲ್ಲಿಯೇ. ಅಟ್ಟದ ಮೇಲಿನ ಗೆದ್ದಲು ತಿಂದ ಪುಸ್ತಕ ಒಂದು ಮನೆಯ ಆಸ್ತಿಯಲ್ಲ, ಊರಿನ ವಂಶಾವಳಿ. ಸುಣ್ಣ ಬಳಿಸುವ ದಿನ ಅದನ್ನು ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ, ಮನೆಯಲ್ಲಿ ಅಜ್ಜಿ ಇದ್ದರೆ ಅವರ ಪಕ್ಕದಲ್ಲಿ ಕುಳಿತು ಒಂದೊಂದೇ ಹೆಸರನ್ನು ಓದಿ ಹೇಳಿ. ಯಾವುದೋ ಒಂದು ಹೆಸರಿಗೆ ಅಜ್ಜಿ ತಲೆಯೆತ್ತಿ, ‘ಅವನೇ? ಅವನ ಕಥೆ ಕೇಳು’ ಎಂದಾರು.