ಅಂಗೈಯಗಲದ ಗಣಕಯಂತ್ರ: ಅದರ ವೇಗದ ಮಿತಿಯನ್ನು ಅದರಿಂದಲೇ ತಿಳಿಯುವ ಬಗೆ

ಕಾಫಿ ಡ್ರೈಯರಿನ ಉಷ್ಣತೆಯನ್ನು ಗಂಟೆಗೊಮ್ಮೆ ಬರೆದಿಡಲು, ಮಳೆಯ ಲೆಕ್ಕ ಇಡಲು, ಕ್ಯಾಮೆರಾ ಇಟ್ಟು ಕಾಳು ವಿಂಗಡಿಸಲು ಸಣ್ಣ ಗಣಕಯಂತ್ರಗಳನ್ನು ಬಳಸಬಹುದೆಂಬುದು ಈಗ ಹೊಸ ಸುದ್ದಿಯಲ್ಲ. ಒಂದೇ ಹಲಗೆಯ ಮೇಲೆ ಎಲ್ಲ ಭಾಗಗಳನ್ನೂ ಕೂರಿಸಿದ ಈ ಯಂತ್ರಗಳಲ್ಲಿ ಹೆಚ್ಚು ಹೆಸರಾದದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡ ರಾಸ್‌ಬೆರಿ ಪೈ. 2012ರ ಫೆಬ್ರವರಿ 29ರಂದು ಅದು ಮಾರಾಟಕ್ಕೆ ಬಂದಾಗ ಬೆಲೆ 35 ಡಾಲರು. ಮಕ್ಕಳಿಗೆ ಗಣಕವಿದ್ಯೆ ಕಲಿಸುವುದು ಮೂಲ ಉದ್ದೇಶ. ಅಳತೆ ಸುಮಾರು 85 ಮಿ.ಮೀ.ಗೆ 56 ಮಿ.ಮೀ. ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ.

ಈ ಯಂತ್ರದ ವೇಗವನ್ನು ಕಾರ್ಖಾನೆ ಗೊತ್ತುಮಾಡಿದ್ದಕ್ಕಿಂತ ಏರಿಸಬಹುದು, ಇಳಿಸಲೂಬಹುದು. ಮೊದಲ ಪೈಯ ವೇಗ 700 ಮೆಗಾಹರ್ಟ್ಸ್ ಇತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಯಾರಕರೇ 1000ದವರೆಗೆ ಹಂತ ಹಂತವಾಗಿ ಏರಿಸಲು ಅನುಮತಿ ಕೊಟ್ಟರು. 2019ರ ಪೈ 4 ಹೊರಬಂದಾಗ ಅದರ ವೇಗ 1500. 2023ರ ಪೈ 5ರದು 2400. ಏರಿಸುವ ಕೆಲಸ ಕಷ್ಟದ್ದಲ್ಲ. ಮೆಮರಿ ಕಾರ್ಡಿನಲ್ಲಿ ಕಾನ್ಫಿಗ್ ಎಂಬ ಕಡತವಿದೆ. ಅದರಲ್ಲಿ ವೇಗದ ಒಂದು ಸಾಲು, ಚಿಪ್ಪಿಗೆ ಕೊಡುವ ವೋಲ್ಟೇಜಿನ ಒಂದು ಸಾಲು ಬರೆದು ಮತ್ತೆ ಚಾಲೂ ಮಾಡಿದರೆ ಆಯಿತು.

ಕಷ್ಟವಿರುವುದು ಎಷ್ಟಕ್ಕೆ ನಿಲ್ಲಿಸಬೇಕೆಂಬಲ್ಲಿ. ಒಂದೇ ಪಾತಿಯಲ್ಲಿ ಎದ್ದ ಅಡಿಕೆ ಸಸಿಗಳು ಒಂದೇ ಸಮನಾಗಿ ಬೆಳೆಯುವುದಿಲ್ಲ. ಚಿಪ್ಪುಗಳ ವಿಷಯವೂ ಹಾಗೆಯೇ. ಒಂದು ಪೈ 4 ಹಲಗೆ 2000 ಮೆಗಾಹರ್ಟ್ಸಿನಲ್ಲಿ ದಿನವಿಡೀ ನಡೆದೀತು, ಪಕ್ಕದ ಇನ್ನೊಂದು 1850ಕ್ಕೇ ತಡವರಿಸೀತು. ಆದ್ದರಿಂದ ಬೇರೊಬ್ಬರು ಬರೆದ ಅಂಕಿಯನ್ನು ನಮ್ಮ ಯಂತ್ರಕ್ಕೆ ಹಾಕುವುದು ತರವಲ್ಲ. ಬೋರ್ಡೋ ದ್ರಾವಣಕ್ಕೆ ಹೊಳೆಯುವ ಚಾಕು ಅದ್ದಿ, ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಮತ್ತೆ ಅದ್ದಿ ನೋಡುತ್ತೇವಲ್ಲ, ಅದೇ ಕ್ರಮ ಇಲ್ಲಿಯೂ ಬೇಕು. ಆದರೆ 50 ಮೆಗಾಹರ್ಟ್ಸಿನಂತೆ ಏರಿಸುತ್ತ ಹೋದರೆ 1500ರಿಂದ 2000ಕ್ಕೆ ಹತ್ತು ಹಂತ. ಪ್ರತಿ ಹಂತಕ್ಕೂ ಮತ್ತೆ ಚಾಲೂ ಮಾಡಿ ಅರ್ಧ ಗಂಟೆ ದುಡಿಸಿ ನೋಡಬೇಕೆಂದರೆ ಐದು ಗಂಟೆ. ಅಷ್ಟು ಹೊತ್ತು ಯಾರು ಕೂರುತ್ತಾರೆ? ಈ ಕೆಲಸವನ್ನು ಗಣಕಕ್ಕೇ ವಹಿಸುವುದು ಲೇಸು.

ವಹಿಸುವ ಮೊದಲು ಒಂದು ತೊಡಕನ್ನು ಬಿಡಿಸಬೇಕು. ಮಿತಿ ಮೀರಿದಾಗ ಗಣಕ ಸ್ತಬ್ಧವಾಗುತ್ತದೆ. ತಾನೇ ಬಿದ್ದವನು ತನ್ನನ್ನು ಎತ್ತುವುದೆಂತು? ಪೈಯಲ್ಲಿ ಇದಕ್ಕೆ ಎರಡು ಅನುಕೂಲಗಳಿವೆ. ಮೊದಲನೆಯದು ಟ್ರೈಬೂಟ್. ಹೊಸ ವೇಗವನ್ನು ಕಾನ್ಫಿಗ್ ಕಡತದಲ್ಲಿ ಬರೆಯದೆ, ಅದರ ನಕಲನ್ನು ಟ್ರೈಬೂಟ್ ಎಂಬ ಕಡತವಾಗಿಟ್ಟು ಅಲ್ಲಿ ಬರೆದರೆ, ಯಂತ್ರವು ಕೇಳಿದಾಗ ಒಂದೇ ಒಂದು ಬಾರಿ ಅದರಂತೆ ಚಾಲೂ ಆಗುತ್ತದೆ. ಮುಂದಿನ ಸಲ ತಾನಾಗಿ ಹಳೆಯ ಕಡತಕ್ಕೆ ಮರಳುತ್ತದೆ. ಎರಡನೆಯದು ವಾಚ್‌ಡಾಗ್, ಅಂದರೆ ಚಿಪ್ಪಿನೊಳಗಿನ ಕಾವಲು ಗಡಿಯಾರ. ಗಣಕವು ಆಗಾಗ ಅದಕ್ಕೆ ಸುದ್ದಿ ಮುಟ್ಟಿಸುತ್ತಿರಬೇಕು. 15 ಸೆಕೆಂಡಿನ ಗಡುವು ಇಟ್ಟು, ಅಷ್ಟರಲ್ಲಿ ಸುದ್ದಿ ಬಾರದಿದ್ದರೆ ಅದು ಯಂತ್ರವನ್ನು ಬಲವಂತವಾಗಿ ಮತ್ತೆ ಚಾಲೂ ಮಾಡುತ್ತದೆ.

ಇವೆರಡನ್ನೂ ಜೋಡಿಸಿ ಬರೆದ ಸ್ಕ್ರಿಪ್ಟಿನ ನಡೆ ಹೀಗಿರುತ್ತದೆ. ಒಂದು ಹಂತ ಏರಿಸಿ, 'ಈ ವೇಗ ಆರಂಭ' ಎಂದು ದಿನಚರಿಗೆ ಬರೆದು, ಟ್ರೈಬೂಟ್ ಮಾಡುತ್ತದೆ. ಆಮೇಲೆ ಉತ್ತರ ಮೊದಲೇ ಗೊತ್ತಿರುವ ಭಾರಿ ಲೆಕ್ಕಗಳನ್ನು ಅರ್ಧ ಗಂಟೆ ಮಾಡಿಸಿ, ಉತ್ತರ ತಾಳೆಹಾಕಿ, 'ತೇರ್ಗಡೆ' ಎಂದು ಬರೆಯುತ್ತದೆ. ನಡುವೆ ಯಂತ್ರ ಸ್ತಬ್ಧವಾದರೆ ಕಾವಲು ಗಡಿಯಾರ ಎಬ್ಬಿಸಿ ಹಳೆಯ ವೇಗದಲ್ಲಿ ನಿಲ್ಲಿಸುತ್ತದೆ. ದಿನಚರಿಯಲ್ಲಿ ಆರಂಭವಿದ್ದು ತೇರ್ಗಡೆ ಇಲ್ಲದಿದ್ದರೆ ಅಲ್ಲಿಗೆ ಮಿತಿ ತಿಳಿಯಿತು. ಉತ್ತರ ತಾಳೆಹಾಕುವುದನ್ನು ಮಾತ್ರ ಬಿಡಕೂಡದು. ಸ್ತಬ್ಧವಾಗುವ ಯಂತ್ರ ಕಣ್ಣಿಗೆ ಬೀಳುತ್ತದೆ. ನಡೆಯುತ್ತಲೇ ತಪ್ಪು ಅಂಕಿ ಬರೆಯುವ ಯಂತ್ರ ಒಂದಿಡೀ ಡ್ರೈಯರಿನ ಕಾಫಿಯನ್ನು ಕೆಡಿಸಿದ ಮೇಲೆಯೇ ಗೊತ್ತಾಗುವುದು.

ಕಾವಲು ಗಡಿಯಾರ ಕೆಲಸ ಆರಂಭಿಸುವ ಮುನ್ನವೇ ಯಂತ್ರ ಸಿಕ್ಕಿಕೊಂಡರೆ ಕೈಯಿಂದಲೇ ಸ್ವಿಚ್ ಆರಿಸಿ ಹಾಕಬೇಕಾಗುತ್ತದೆ. ಕಾರ್ಡಿಗೂ ಹಾನಿ ಆದೀತು. ಆದ್ದರಿಂದ ಮೊದಲೇ ಕಾರ್ಡಿನ ಒಂದು ನಕಲು ತೆಗೆದಿಡತಕ್ಕದ್ದು.

ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದದ್ದು ಸೆಕೆ. ರಾತ್ರಿ ಹಚ್ಚಿಟ್ಟು ಮಲಗುವುದು ಸುಲಭವಾದರೂ, ತಣ್ಣಗಿನ ರಾತ್ರಿಯಲ್ಲಿ ತೇರ್ಗಡೆಯಾದ ವೇಗ ಮಾರ್ಚಿ ತಿಂಗಳ ಮಧ್ಯಾಹ್ನ, ತಗಡಿನ ಮಾಡಿನ ಕೆಳಗೆ, ಡ್ರೈಯರಿನ ಪಕ್ಕದಲ್ಲಿ ನಿಲ್ಲದು. ಪೈ 4ರ ಚಿಪ್ಪು 80 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಲೇ ತನ್ನ ವೇಗವನ್ನು ತಾನೇ ತಗ್ಗಿಸಲು ತೊಡಗುತ್ತದೆ, ಏರಿಸಿದ್ದೆಲ್ಲ ವ್ಯರ್ಥ. ರಾತ್ರಿಯ ಪರೀಕ್ಷೆ ಒರಟು ಅಂದಾಜಿಗೆ ಇರಲಿ, ಕೊನೆಯ ಪರೀಕ್ಷೆ ಯಂತ್ರ ಕೂರುವ ಜಾಗದಲ್ಲೇ, ಪೆಟ್ಟಿಗೆ ಮುಚ್ಚಿ, ಬಿಸಿಲ ಹೊತ್ತಿನಲ್ಲಿ ಆಗಲಿ. ಪ್ರತಿ ಹಂತದ ಉಷ್ಣತೆಯನ್ನೂ ಸ್ಕ್ರಿಪ್ಟು ಬರೆದಿಡಲಿ.

ಇನ್ನು ಕರೆಂಟು. ಲೈನಿನ ಕೊನೆಯ ಪಂಪ್‌ಸೆಟ್ಟಿನ ಪಾಡು ನಮಗೆ ಹೇಳಿಕೊಡಬೇಕಾಗಿಲ್ಲ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರಿನ ಅಡಾಪ್ಟರ್ ಹೇಳಿದ್ದಾರೆ; ಪೈ 5ಕ್ಕೆ 5 ಆಂಪಿಯರು. ಯಾವುದೋ ಮೊಬೈಲಿನ ಚಾರ್ಜರು, ತೆಳ್ಳನೆಯ ವಯರು ಹಾಕಿದರೆ ದುಡಿಮೆ ಹೆಚ್ಚಿದ ಕೂಡಲೆ ವೋಲ್ಟೇಜು ಕುಸಿಯುತ್ತದೆ. ಸುಮಾರು 4.63 ವೋಲ್ಟಿಗಿಂತ ಇಳಿದರೆ ಯಂತ್ರ ಎಚ್ಚರಿಕೆ ಬರೆದಿಡುತ್ತದೆ. ಇದನ್ನೂ ಶಾಖದಿಂದ ವೇಗ ತಗ್ಗಿದ್ದನ್ನೂ ಒಂದೇ ಆಜ್ಞೆಯಿಂದ ಕೇಳಬಹುದು. ಉತ್ತರ ಸೊನ್ನೆ ಬಂದರೆ ಚಾಲೂ ಆದಾಗಿನಿಂದ ಏನೂ ಆಗಿಲ್ಲವೆಂದು ಅರ್ಥ. ಸೊನ್ನೆ ಬಾರದ ಹಂತವನ್ನು ತೇರ್ಗಡೆಗೆ ಸೇರಿಸಬಾರದು. ಅನೇಕ ಕಡೆ ವೇಗ ಏರಿಸುವುದಕ್ಕಿಂತ ಒಳ್ಳೆಯ ಅಡಾಪ್ಟರಿನಿಂದಲೇ ಹೆಚ್ಚು ಲಾಭವಾದೀತು.

ಹೀಗೆ ತಿಳಿದ ಮಿತಿಯಲ್ಲೇ ಯಂತ್ರವನ್ನು ಬಿಡದೆ ಕನಿಷ್ಠ ಒಂದು ಹಂತ, ಸೆಕೆಯ ಜಾಗವಾದರೆ ಎರಡು ಹಂತ ಕೆಳಗಿಳಿಸುವುದು ವಿಹಿತ. ಕ್ಯಾಮೆರಾದಿಂದ ಕಾಳು ವಿಂಗಡಿಸುವವರಿಗೆ ಮಾತ್ರ ಈ ಶ್ರಮ ಸಾರ್ಥಕ, ಅಲ್ಲಿ ವೇಗಕ್ಕೆ ಬೆಲೆಯಿದೆ. ಉಷ್ಣತೆ, ಮಳೆ ಬರೆದಿಡುವ ಯಂತ್ರಕ್ಕೆ ಕಾರ್ಖಾನೆಯ ವೇಗವೇ ಹೆಚ್ಚು. ಡೀಸೆಲ್ ಎಂಜಿನ್ನಿನಂತೆ ಗಣಕದಲ್ಲೂ ಗವರ್ನರ್ ಇದೆ, ಹೆಸರೂ ಅದೇ. ಕೆಲಸವಿಲ್ಲದಾಗ ಅದು ಪೈ 4ನ್ನು 600 ಮೆಗಾಹರ್ಟ್ಸಿಗೆ ಇಳಿಸಿರುತ್ತದೆ. ಸೋಲಾರ್ ಬ್ಯಾಟರಿಯಲ್ಲಿ ನಡೆಸುವವರು ಮೇಲಿನ ಮಿತಿಯನ್ನೂ 1000ಕ್ಕೆ ತಗ್ಗಿಸಿದರೆ ಶಾಖವೂ ಕಡಿಮೆ, ಬ್ಯಾಟರಿಯ ಮೇಲಿನ ಹೊರೆಯೂ ಕಡಿಮೆ.

ಕೊನೆಗೆ ನಿಂತ ವೇಗ, ವೋಲ್ಟೇಜು, ಪರೀಕ್ಷೆಯ ತಾರೀಖು, ಆಗಿನ ಉಷ್ಣತೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ. ಹಲಗೆ ಬದಲಿಸಿದ ದಿನ ಆ ಚೀಟಿಯನ್ನು ಹರಿದು ಹಾಕಿ, ಪರೀಕ್ಷೆಯನ್ನು ಮೊದಲಿನಿಂದ ನಡೆಸತಕ್ಕದ್ದು.