ತೋಟದ ಗುತ್ತಿಗೆ: ಕಡೆಯ ಕಂತಿಗೆ ಮುನ್ನ

ಮೇರಿಲೆಂಡಿನ ಕೊಲಂಬಿಯಾದಲ್ಲಿ ನಮ್ಮ ಮನೆಯಂಗಳಕ್ಕೆ ಗುತ್ತಿಗೆದಾರನೊಬ್ಬನು ನೆಟ್ಟುಕೊಟ್ಟ ಡಾಗ್‌ವುಡ್ ಸಸಿ ಎರಡನೆಯ ಬೇಸಿಗೆಯಲ್ಲಿ ಒಣಗಿತು. ಅಗೆದಾಗ ಕಾರಣ ತಿಳಿಯಿತು: ಕಾಂಡವು ಅಗಲವಾಗಿ ಬೇರಿಗಿಳಿಯುವ ಬುಡವು ಗೇಣುದ್ದ ಮಣ್ಣಿನಲ್ಲಿ ಹೂತಿತ್ತು, ಮೇಲೆ ಮರದ ಚೂರಿನ ಗುಡ್ಡೆ. ಇಲ್ಲಿನ ಜೇಡಿಮಣ್ಣಿನಲ್ಲಿ ನೀರು ಬೇಗ ಇಂಗದು. ಆಳದಲ್ಲಿ ಬೇರು ಉಸಿರುಗಟ್ಟುತ್ತದೆ. ಗಿಡ ಸಾಯುವುದಕ್ಕೆ ವರ್ಷಗಳೇ ಹಿಡಿಯುವುದರಿಂದ ತಪ್ಪು ಕಾಣುವ ಹೊತ್ತಿಗೆ ಹಣ ಪೂರ್ತಿ ಸಂದಿರುತ್ತದೆ. ಆದುದರಿಂದ ಕಡೆಯ ಕಂತಿಗೆ ಮೊದಲೇ ಬುಡವನ್ನು ಕೆದಕಿ ನೋಡತಕ್ಕದ್ದು.

ಈ ರಾಜ್ಯದ ಕಾನೂನಿನಲ್ಲಿ ಅಂಗಳದ ತೋಟ ನಿರ್ಮಾಣವೂ ಗೃಹಸುಧಾರಣೆಯೇ. ಗುತ್ತಿಗೆದಾರನಿಗೆ ಗೃಹಸುಧಾರಣಾ ಆಯೋಗದ ಪರವಾನಗಿ ಇರಬೇಕು; ಒಪ್ಪಂದ ಬರಹದಲ್ಲಿರಬೇಕು; ಮುಂಗಡವು ಮೊತ್ತದ ಮೂರರಲ್ಲೊಂದು ಪಾಲನ್ನು ಮೀರಕೂಡದು. ಕೆಲಸ ಕೆಟ್ಟರೆ ಆಯೋಗದ ಖಾತರಿ ನಿಧಿಯಿಂದ ಪರಿಹಾರ ಕೇಳಬಹುದು, ಆದರೆ ಪರವಾನಗಿ ಪಡೆದವನ ಕೆಲಸಕ್ಕೆ ಮಾತ್ರ. ಊರಿನಲ್ಲಿ ಮೇಸ್ತ್ರಿಯನ್ನು ಬಾಯಿಮಾತಿನಲ್ಲೇ ಗೊತ್ತುಮಾಡುವ ವಾಡಿಕೆ ನಮ್ಮೊಡನೆ ಇಲ್ಲಿಗೂ ಬಂದಿತ್ತು. ನಮ್ಮವನ ಪರವಾನಗಿಯನ್ನು ನಾವು ಕೇಳಿಯೇ ಇರಲಿಲ್ಲ.