ಸಂಧಿವಿಗ್ರಹಗಳೂ ಪಕ್ಷಭೇದವೂ

'ವಿಗ್ರಹ'ವೆಂದರೆ ಹನುಮಸಾಗರದಂಥ ಊರುಗಳಲ್ಲಿ ಈಗ ದೇವರ ಮೂರ್ತಿಯೆಂದೇ ಅರ್ಥ. ನೀತಿಶಾಸ್ತ್ರದಲ್ಲಾದರೋ ಅದು ಯುದ್ಧವಾಚಕ. ಷಾಡ್ಗುಣ್ಯದಲ್ಲಿ ಸಂಧಿಯ ಪಕ್ಕದಲ್ಲಿಯೇ ಅದರ ಸ್ಥಾನ. ಕಲ್ಯಾಣದ ಚಾಲುಕ್ಯರು ಇವೆರಡನ್ನೂ ಒಬ್ಬನೇ ಅಧಿಕಾರಿಗೆ ವಹಿಸಿ ಅವನನ್ನು ಸಂಧಿವಿಗ್ರಹಿಯೆಂದು ಕರೆಯುತ್ತಿದ್ದರು; ಕನ್ನಡ ಪಂಚತಂತ್ರವನ್ನು ರಚಿಸಿದ ದುರ್ಗಸಿಂಹನು ಜಯಸಿಂಹ ಜಗದೇಕಮಲ್ಲನಲ್ಲಿ ಈ ಪದವಿಯಲ್ಲಿದ್ದನು. ಸಂಧಿವಿಗ್ರಹಗಳ ಫಲವು ಸಮವಾಗಿದ್ದರೆ ಸಂಧಿಯೇ ಗ್ರಾಹ್ಯವೆಂದು ಕೌಟಿಲ್ಯನ ಮತ. ತ್ವರೆಯ ಕಾರ್ಯ ಬಂದಾಗ ಮಂತ್ರಿಪರಿಷತ್ತನ್ನು ಕರೆದು, ಬಹುಜನರು ಹೇಳಿದುದನ್ನಾಗಲಿ ಕಾರ್ಯಸಿದ್ಧಿಯನ್ನುಂಟುಮಾಡುವುದನ್ನಾಗಲಿ ಅರಸನು ಮಾಡತಕ್ಕದ್ದೆಂದೂ ಅವನು ವಿಧಿಸಿದ್ದಾನೆ. ಆ ವಾಕ್ಯದಲ್ಲಿರುವ 'ವಾ' ಎಂಬ ಏಕಾಕ್ಷರದಲ್ಲಿಯೇ ಅರಸನ ಸ್ವಾತಂತ್ರ್ಯವೆಲ್ಲ ಅಡಗಿದೆ.

ಆ 'ವಾ'ಕಾರದ ಪರಿಣಾಮವನ್ನು ಹನುಮಸಾಗರದವರು ಅನುಭವಿಸಿಯೇ ಅರಿತರು. ಕುಷ್ಟಗಿ ತಾಲೂಕಿನ ಈ ಊರು 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1947ರ ಅಕ್ಟೋಬರದಲ್ಲಿ, ಭಾರತದೊಡನೆ ಯಥಾಸ್ಥಿತಿ ಒಪ್ಪಂದವನ್ನು ಮಾಡಿಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆಯು ನಿಜಾಮರ ಮಂತ್ರಿಮಂಡಲದ ಮುಂದೆ ಬಂದಿತು. ಒಪ್ಪಂದವಾಗಲೆಂದು ಆರು ಮತಗಳೂ ಬೇಡವೆಂದು ಮೂರು ಮತಗಳೂ ಬಿದ್ದುವು. ನಿಜಾಮರು ಒಪ್ಪಿದರಾದರೂ ರುಜುವನ್ನು ಮುಂದಕ್ಕೆ ಹಾಕಿದರು. 27ರ ಬೆಳಗಿನ ಜಾವದಲ್ಲಿ ಇತ್ತೆಹಾದ್ ಪಕ್ಷದ ಗುಂಪು ಸಂಧಾನಕಾರರ ಮನೆಗಳನ್ನು ಮುತ್ತಿತು, ಸಂಧಾನಕಾರರೇ ಬದಲಾದರು. ಮಂಡಲದಲ್ಲಿ ಸೋತ ಪಕ್ಷವು ಬೀದಿಯಲ್ಲಿ ಗೆದ್ದಿತು! ನವೆಂಬರ 29ರಂದು ಒಪ್ಪಂದವಾಯಿತೆಂಬುದು ನಿಜ. ಆದರೆ ಅಷ್ಟರೊಳಗೆ ಅಧಿಕಾರದ ಸೂತ್ರವು ಸಂಧಿಯನ್ನು ಬಯಸಿದವರ ಕೈತಪ್ಪಿತ್ತು. ಮುಂದಿನ ವರ್ಷ ರಜಾಕಾರರ ಹಾವಳಿಗೆ ಸಿಕ್ಕಿದ ಗ್ರಾಮಗಳ ರೈತರನ್ನು ಈ ವಿಷಯದಲ್ಲಿ ಯಾರೂ ಕೇಳಿರಲಿಲ್ಲ. ಗಡಿಯಾಚೆ ಮುಂಬಯಿ ಪ್ರಾಂತದ ಗಜೇಂದ್ರಗಡ ಮುಂಡರಗಿಗಳಲ್ಲಿ ಹೋರಾಟದ ಶಿಬಿರಗಳು ಎದ್ದುವು. ಮುಂಡರಗಿಯದಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ನಾಯಕರು. 1948ರ ಸೆಪ್ಟೆಂಬರ 13ರಂದು ಭಾರತದ ಸೈನ್ಯವು ಒಳಹೊಕ್ಕಿತು. ಐದನೆಯ ದಿನ ನಿಜಾಮರು ಶರಣಾದರು.

ಇದೇ ಶಿವಮೂರ್ತಿಸ್ವಾಮಿಗಳು 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿಯೂ 1962ರಲ್ಲಿ ಕೊಪ್ಪಳದಿಂದ ಲೋಕಸೇವಕ ಸಂಘದ ಪರವಾಗಿಯೂ ಲೋಕಸಭೆಗೆ ಆರಿಸಿಬಂದರು. ಹೀಗೆ ಹನುಮಸಾಗರದ ಸೀಮೆಗೆ ದಿಲ್ಲಿಯಲ್ಲಿ ಒಂದು ಮತ ದೊರೆಯಿತು. ಆದರೆ ಆ ಮತವು ಯುದ್ಧವನ್ನು ತಡೆಯಲು ಅಥವಾ ಹೂಡಲು ಸಮರ್ಥವೇ ಎಂಬುದು ವಿಚಾರಣೀಯ. ಸಂವಿಧಾನದ ಕೇಂದ್ರಪಟ್ಟಿಯ 15ನೆಯ ನಮೂದು 'ಯುದ್ಧ ಮತ್ತು ಶಾಂತಿ'; ಯುದ್ಧಕ್ಕೆ ಮುನ್ನ ಸಂಸತ್ತಿನ ಮತವನ್ನು ಪಡೆಯಲೇಬೇಕೆಂಬ ವಿಧಿಯಾದರೋ ಅಲ್ಲಿಲ್ಲ. ನಿರ್ಣಯವು ಮಂತ್ರಿಮಂಡಲದ್ದು. ಆದುದರಿಂದ ಪಕ್ಷಭೇದವನ್ನು ಬೇರೆ ಎಡೆಗಳಲ್ಲಿ ಹುಡುಕಬೇಕಾಗುತ್ತದೆ.

1962ರ ಅಕ್ಟೋಬರದಲ್ಲಿ ಚೀನದ ಆಕ್ರಮಣವಾಯಿತು. ನವೆಂಬರ 8ರಂದು ಮಂಡಿತವಾದ ನಿರ್ಣಯದ ಮೇಲೆ 165 ಮಂದಿ ಮಾತನಾಡಿದರು. 14ರಂದು ಸದಸ್ಯರು ಎದ್ದುನಿಂತು ಅದನ್ನು ಏಕಕಂಠದಿಂದ ಅಂಗೀಕರಿಸಿದರು. ಭಾಷಣಗಳಲ್ಲಿ ಟೀಕೆಯಿತ್ತು, ಮತದಲ್ಲಿ ಇರಲಿಲ್ಲ. ರಕ್ಷಣಾಮಂತ್ರಿಗಳಾಗಿದ್ದ ಕೃಷ್ಣ ಮೆನನ್ನರು ಅದೇ ತಿಂಗಳು ಮಂತ್ರಿಮಂಡಲವನ್ನು ಬಿಡಬೇಕಾದುದಕ್ಕೆ ಸದನದ ಮತಗಣನೆ ಕಾರಣವಲ್ಲ. ಆಳುವ ಪಕ್ಷದ ಒಳಗಿನ ಒತ್ತಾಯವೇ ಪ್ರಬಲವಾಗಿತ್ತು. ವಿರೋಧಪಕ್ಷಗಳ ಲೆಕ್ಕವು ಸಂಖ್ಯೆಯಾಗಿ ಕಾಣಿಸಿದುದು 1963ರ ಆಗಸ್ಟಿನಲ್ಲಿ, ಆಚಾರ್ಯ ಕೃಪಲಾನಿಯವರು ತಂದ ಮೊದಲ ಅವಿಶ್ವಾಸ ನಿರ್ಣಯದಲ್ಲಿ. ಪರವಾಗಿ 62, ವಿರುದ್ಧವಾಗಿ 347. ಅಲ್ಲಿಯೂ ಪ್ರಶ್ನೆಯು ಯುದ್ಧವೊಂದೇ ಆಗಿರದೆ ಸರಕಾರದ ಒಟ್ಟು ನಡೆವಳಿಯಾಗಿತ್ತು.

ಅಮೆರಿಕದ ಸಂವಿಧಾನವು ಯುದ್ಧಘೋಷಣೆಯನ್ನು ಕಾಂಗ್ರೆಸ್ಸಿಗೆ ವಹಿಸಿರುವುದರಿಂದ ಅಲ್ಲಿ ಭೇದವು ನೇರವಾಗಿ ತೋರುತ್ತದೆ. 2002ರ ಅಕ್ಟೋಬರದಲ್ಲಿ ಇರಾಕಿನ ಮೇಲೆ ಬಲಪ್ರಯೋಗಕ್ಕೆ ಅನುಮತಿಯಿತ್ತಾಗ ಪ್ರತಿನಿಧಿಸಭೆಯಲ್ಲಿ 296 ಮಂದಿ ಪರ, 133 ಮಂದಿ ವಿರುದ್ಧ. ವಿರೋಧಿಸಿದವರಲ್ಲಿ 126 ಮಂದಿ ಡೆಮೊಕ್ರಾಟರು, ರಿಪಬ್ಲಿಕನರು ಆರೇ ಮಂದಿ. ಆದರೂ 81 ಮಂದಿ ಡೆಮೊಕ್ರಾಟರು ಪರವಾಗಿ ಮತವಿತ್ತರೆಂಬುದನ್ನು ಗಮನಿಸಬೇಕು. ಭಾರತದಲ್ಲಿ 1985ರ ಪಕ್ಷಾಂತರನಿಷೇಧದ ತರುವಾಯ ಪಕ್ಷದ ಆಜ್ಞೆಯನ್ನು ಮೀರಿ ಮತವಿತ್ತವನು ಸ್ಥಾನವನ್ನೇ ಕಳೆದುಕೊಳ್ಳಬಹುದು. ಹೀಗಾಗಿ ಇಂಥ 81 ಮಂದಿಗೆ ಇಲ್ಲಿ ಎಡೆ ದುರ್ಲಭ.

ಅದೇ ಇರಾಕಿನ ಯುದ್ಧವು 2003ರಲ್ಲಿ ಆರಂಭವಾದಾಗ ಲೋಕಸಭೆಯಲ್ಲಿ ವಿವಾದವು ಒಂದು ಪದದ ಮೇಲೆ ನಿಂತಿತು. ವಿರೋಧಪಕ್ಷಗಳಿಗೆ ತೀಕ್ಷ್ಣವಾದ ಖಂಡನೆ ಬೇಕು. ಸರಕಾರಕ್ಕೆ ಮೃದುವಾದ ಮಾತು ಸಾಕು. ಕೊನೆಗೆ ಏಪ್ರಿಲ್ 8ರ ನಿರ್ಣಯದಲ್ಲಿ ಹಿಂದಿಯ 'ನಿಂದಾ' ಶಬ್ದವನ್ನು ಇರಿಸಿ ಒಮ್ಮತಕ್ಕೆ ಬಂದರು. ಖಂಡನೆಯೆಂದು ಒಬ್ಬರೂ ವಿಷಾದವೆಂದು ಮತ್ತೊಬ್ಬರೂ ಓದಿಕೊಳ್ಳಲು ಅವಕಾಶವಾಯಿತು. ಧಾತುಪಾಠದಲ್ಲಿ ಆ ಶಬ್ದದ ಮೂಲವಾದ 'ಣಿದಿ' ಧಾತುವಿಗೆ ಕುತ್ಸೆಯೆಂಬುದೇ ಅರ್ಥ; ವಿಷಾದಕ್ಕೆ ಅಲ್ಲಿ ಸ್ಥಾನವಿಲ್ಲ. ಪಾಣಿನೀಯರು ಒಪ್ಪದ ಅರ್ಥವನ್ನು ಸದನವು ಒಪ್ಪಿತು.